ಪರವಾನಗಿ ಮತ್ತು ಪಟ್ಟಿ: ವಿಮಾನ ಚಾಲಕನ ಅರ್ಹತೆಯ ಇತಿಹಾಸದಲ್ಲಿ ಒಂದು ವಿವೇಚನೆ

ವಿಮಾನಯಾನದ ಇತಿಹಾಸವೆಂದರೆ ಯಂತ್ರಗಳ ಇತಿಹಾಸ, ಇಲ್ಲವೆ ಸಾಹಸಿಗಳ ಇತಿಹಾಸ ಎಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ೧೯೦೩ರಲ್ಲಿ ರೈಟ್ ಸಹೋದರರು ಹಾರಿದುದು, ೧೯೦೯ರಲ್ಲಿ ಬ್ಲೇರಿಯೊ ಇಂಗ್ಲಿಷ್ ಕಡಲ್ಗಾಲುವೆಯನ್ನು ದಾಟಿದುದು, ೧೯೨೭ರಲ್ಲಿ ಲಿಂಡ್‌ಬರ್ಗ್ ಒಬ್ಬಂಟಿಯಾಗಿ ಅಟ್ಲಾಂಟಿಕ್ ಸಾಗರದ ಮೇಲೆ ಹಾರಿದುದು, ಇವೆಲ್ಲವೂ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆದಿವೆ. ಆದರೆ ಸಾಮಾನ್ಯ ಜನರು ನಿರ್ಭಯವಾಗಿ ವಿಮಾನವನ್ನೇರುವಂತೆ ಮಾಡಿದ ಸಾಧನಗಳ ಪೈಕಿ ಎರಡು ಕೇವಲ ಕಾಗದಗಳೆಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಒಂದು, ಚಾಲಕನ ಬಳಿಯಿರುವ ಪರವಾನಗಿ. ಇನ್ನೊಂದು, ಅವನ ಕಣ್ಣಮುಂದಿರುವ ಪರಿಶೀಲನಾ ಪಟ್ಟಿ. ಇದನ್ನು ವಿಮಾನ ಚಾಲಕರು ಚೆಕ್‌ಲಿಸ್ಟ್ ಎಂದು ಕರೆಯುತ್ತಾರೆ.

ಈ ಎರಡು ಕಾಗದಗಳು ಒಂದೇ ಉದ್ದೇಶದಿಂದ ಹುಟ್ಟಿದುವಾದರೂ ಅವುಗಳ ಹಿಂದಿರುವ ತತ್ತ್ವಗಳು ಪರಸ್ಪರ ವಿರುದ್ಧವಾದುವು ಎಂಬುದು ನಮ್ಮ ಅಭಿಪ್ರಾಯ. ಪರವಾನಗಿಯು ಮನುಷ್ಯನಲ್ಲಿ ವಿಶ್ವಾಸವನ್ನಿಡುತ್ತದೆ. ಪಟ್ಟಿಯು ಆ ವಿಶ್ವಾಸಕ್ಕೆ ಮಿತಿಯುಂಟೆಂದು ಸಾರುತ್ತದೆ. ಇವೆರಡರ ಬೆಳವಣಿಗೆಯನ್ನು, ವಿಶೇಷವಾಗಿ ವಿಮಾನವು ನಿಂತ ಸ್ಥಳವನ್ನು ಬಿಟ್ಟು ಚಲಿಸುವುದಕ್ಕೆ ಮುಂಚಿನ ಕೆಲವು ನಿಮಿಷಗಳಿಗೆ ಸಂಬಂಧಪಟ್ಟಂತೆ, ಪರಿಶೀಲಿಸುವುದು ಈ ಪ್ರಬಂಧದ ಉದ್ದೇಶ.

೧. ಪರವಾನಗಿಯ ಉಗಮ

ವಿಮಾನವನ್ನು ನಡೆಸುವವನಿಗೆ ಅರ್ಹತಾಪತ್ರವಿರಬೇಕೆಂಬ ವಿಚಾರವು ಮೊದಲು ಹುಟ್ಟಿದುದು ಸರ್ಕಾರಗಳಲ್ಲಲ್ಲ, ಹವ್ಯಾಸಿಗಳ ಸಂಘಗಳಲ್ಲಿ. ಫ್ರಾನ್ಸಿನ ಏರೋ ಕ್ಲಬ್ಬು ೧೯೦೯ರಲ್ಲಿ ಇಂತಹ ಪತ್ರಗಳನ್ನು ಕೊಡಲಾರಂಭಿಸಿತು. ಅವುಗಳಲ್ಲಿ ಮೊದಲನೆಯ ಕ್ರಮಾಂಕ ಬ್ಲೇರಿಯೊವಿಗೆ ಸಂದಿತು. ಮರುವರ್ಷ ಬ್ರಿಟನ್ನಿನ ರಾಯಲ್ ಏರೋ ಕ್ಲಬ್ಬು ತನ್ನ ಮೊದಲನೆಯ ಪತ್ರವನ್ನು ಮೂರ್-ಬ್ರಾಬಜಾನ್ ಅವರಿಗೆ ನೀಡಿತು. ಆ ಕಾಲದ ಪರೀಕ್ಷೆ ಸರಳವಾಗಿತ್ತು. ಎರಡು ಕಂಬಗಳ ಸುತ್ತ ಇಂಗ್ಲಿಷಿನ ಎಂಟರ ಅಂಕೆಯ ಆಕಾರದಲ್ಲಿ ಹಾರಿ, ಗುರುತು ಮಾಡಿದ ಸ್ಥಳದ ಸಮೀಪದಲ್ಲಿ ಇಳಿದು ನಿಂತರೆ, ಕೆಳಗಿನಿಂದ ನೋಡುತ್ತಿದ್ದ ಪರೀಕ್ಷಕರು ತೃಪ್ತರಾಗುತ್ತಿದ್ದರು. ಕೈಚಳಕವೊಂದೇ ಅಲ್ಲಿ ಪರೀಕ್ಷೆಗೆ ಒಳಗಾಗುತ್ತಿತ್ತು.

ಮೊದಲನೆಯ ಮಹಾಯುದ್ಧದ ನಂತರ ಈ ಅಧಿಕಾರವು ರಾಜ್ಯಗಳ ಕೈಗೆ ಬಂದಿತು. ೧೯೧೯ರ ಅಕ್ಟೋಬರ್ ೧೩ರಂದು ಪ್ಯಾರಿಸ್ಸಿನಲ್ಲಿ ಆದ ಒಡಂಬಡಿಕೆಯು ವಿಮಾನವನ್ನು ನಡೆಸುವವರಿಗೆ ಯೋಗ್ಯತಾಪತ್ರವಿರಬೇಕೆಂದು ವಿಧಿಸಿ, ಅದಕ್ಕೆ ಬೇಕಾದ ಕನಿಷ್ಠ ಅರ್ಹತೆಗಳನ್ನು ಒಂದು ಅನುಬಂಧದಲ್ಲಿ ಸೇರಿಸಿತು. ಅಮೆರಿಕದ ಸಂಯುಕ್ತ ಸಂಸ್ಥಾನಗಳು ೧೯೨೬ರ ಮೇ ೨೦ರ ವಾಯು ವಾಣಿಜ್ಯ ಶಾಸನದ ಮೂಲಕ ಇದೇ ಮಾರ್ಗವನ್ನು ಹಿಡಿದುವು. ಅಲ್ಲಿಯ ಮೊದಲನೆಯ ಚಾಲಕ ಪರವಾನಗಿಯನ್ನು ಆರ್ವಿಲ್ ರೈಟ್ ಅವರಿಗೆ ಕೊಡಬೇಕೆಂಬ ಸಲಹೆ ಇತ್ತು. ಆದರೆ ತಾವು ಈಗ ಹಾರುತ್ತಿಲ್ಲವೆಂದು ಅವರು ಆ ಗೌರವವನ್ನು ನಿರಾಕರಿಸಿದರು. ಹೀಗಾಗಿ ೧೯೨೭ರ ಏಪ್ರಿಲ್ ೬ರಂದು ಒಂದನೆಯ ಕ್ರಮಾಂಕದ ಪರವಾನಗಿಯು ಆ ಇಲಾಖೆಯ ಅಧಿಕಾರಿ ವಿಲಿಯಂ ಮೆಕ್ರ್ಯಾಕನ್ ಅವರಿಗೆ ದೊರೆಯಿತು. ವಿಮಾನವನ್ನು ಲೋಕಕ್ಕೆ ಕೊಟ್ಟವರಿಗೇ ಪರವಾನಗಿ ಬೇಡವಾಯಿತೆಂಬುದು ವಿನೋದದ ಮಾತಾದರೂ, ಅಂದಿನಿಂದ ಹಾರಾಟವು ವೈಯಕ್ತಿಕ ಸಾಹಸದಿಂದ ಸಾರ್ವಜನಿಕ ಹೊಣೆಯಾಗಿ ಪರಿವರ್ತನೆ ಹೊಂದಿತೆಂಬುದಕ್ಕೆ ಇದು ಸಾಕ್ಷಿಯೂ ಹೌದು.

ನಮ್ಮ ದೇಶದಲ್ಲಿ ೧೯೨೯ರ ಫೆಬ್ರವರಿ ೧೦ರಂದು ಜೆ. ಆರ್. ಡಿ. ಟಾಟಾ ಅವರು ಇಲ್ಲಿಯ ಏರೋ ಕ್ಲಬ್ಬಿನಿಂದ ಒಂದನೆಯ ಕ್ರಮಾಂಕದ ಪತ್ರವನ್ನು ಪಡೆದರು. ೧೯೩೨ರ ಅಕ್ಟೋಬರ್ ೧೫ರಂದು ಅವರು ಪುಸ್ ಮಾತ್ ಎಂಬ ಪುಟ್ಟ ವಿಮಾನದಲ್ಲಿ ಕರಾಚಿಯಿಂದ ಅಹಮದಾಬಾದಿನ ಮೂಲಕ ಮುಂಬಯಿಗೆ ಅಂಚೆಯನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಅವರು ಅದನ್ನು ಮುಂದಕ್ಕೆ ಒಯ್ದು, ಆಗ ಮದರಾಸು ಪ್ರಾಂತಕ್ಕೆ ಸೇರಿದ್ದ ನಮ್ಮ ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮದರಾಸನ್ನು ತಲಪಿದರು. ಭಾರತದ ನಿಯತ ವಾಯುಸಾರಿಗೆಯ ಮೊದಲ ಮಾರ್ಗದಲ್ಲಿ ಕನ್ನಡ ನೆಲಕ್ಕೂ ಒಂದು ಸ್ಥಾನವಿದ್ದಿತೆಂಬುದನ್ನು ಇಲ್ಲಿ ಸ್ಮರಿಸಬಹುದು. ಮುಂದೆ ೧೯೩೪ರ ವಿಮಾನ ಅಧಿನಿಯಮ ಹಾಗೂ ೧೯೩೭ರ ವಿಮಾನ ನಿಯಮಗಳು ಚಾಲಕರ ಅರ್ಹತೆಯನ್ನು ಕ್ರಮಬದ್ಧಗೊಳಿಸಿದುವು. ಆ ಅಧಿನಿಯಮದ ಸ್ಥಾನದಲ್ಲಿ ೨೦೨೪ರ ಭಾರತೀಯ ವಾಯುಯಾನ ಅಧಿನಿಯಮವು ೨೦೨೫ರ ಜನವರಿ ೧ರಿಂದ ಜಾರಿಗೆ ಬಂದಿದೆ.

೧೯೪೪ರ ಡಿಸೆಂಬರ್ ೭ರ ಷಿಕಾಗೋ ಒಡಂಬಡಿಕೆ ಮತ್ತು ಅದರಿಂದ ರೂಪುಗೊಂಡ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ ಈ ವಿಧಿಗಳನ್ನು ಲೋಕವ್ಯಾಪಿಯಾಗಿಸಿದುವು. ಷಿಕಾಗೋ ಒಡಂಬಡಿಕೆಯ ಒಂದನೆಯ ಅನುಬಂಧವೇ ಪರವಾನಗಿಗೆ ಸಂಬಂಧಪಟ್ಟದ್ದು. ವಿಮಾನ ಸಾರಿಗೆಯ ಮುಖ್ಯ ಚಾಲಕನಾಗಬೇಕಾದವನಿಗೆ ೨೧ ವರ್ಷ ವಯಸ್ಸು, ೧೫೦೦ ಗಂಟೆಗಳ ಹಾರಾಟ, ದೇಹಾರೋಗ್ಯ, ಹವಾಮಾನ ಮತ್ತು ಮಾರ್ಗಶೋಧನೆ ಮೊದಲಾದ ವಿಷಯಗಳಲ್ಲಿ ತೇರ್ಗಡೆ, ಇವಿಷ್ಟೂ ಬೇಕು. ಈ ಅರ್ಹತೆಗಳನ್ನು ಸಾಲಾಗಿ ಇರಿಸಿ ನೋಡಿದರೆ ಒಂದು ಅಂಶ ಸ್ಪಷ್ಟವಾಗುತ್ತದೆ. ಇವೆಲ್ಲವೂ ಆಗಿಹೋದುದರ ಲೆಕ್ಕ. ಈ ಮನುಷ್ಯನು ಇಷ್ಟು ಕಲಿತನು, ಇಷ್ಟು ಹಾರಿದನು ಎಂದು ಪರವಾನಗಿಯು ಹೇಳಬಲ್ಲುದು. ಈ ಬೆಳಿಗ್ಗೆ, ಈ ವಿಮಾನದಲ್ಲಿ, ಅವನು ಏನನ್ನು ಮರೆಯುವನೆಂದು ಹೇಳಲಾರದು.

೨. ರೈಟ್ ಫೀಲ್ಡ್, ೧೯೩೫

ಪರವಾನಗಿಯ ಈ ಮಿತಿಯನ್ನು ಲೋಕಕ್ಕೆ ತೋರಿಸಿಕೊಟ್ಟ ಘಟನೆಯು ೧೯೩೫ರ ಅಕ್ಟೋಬರ್ ೩೦ರಂದು ಅಮೆರಿಕದ ಒಹಾಯೋ ಸಂಸ್ಥಾನದ ಡೇಟನ್ ಬಳಿಯ ರೈಟ್ ಫೀಲ್ಡಿನಲ್ಲಿ ನಡೆಯಿತು. ಸೈನ್ಯಕ್ಕೆ ಹೊಸ ಬಾಂಬರ್ ವಿಮಾನವೊಂದನ್ನು ಆರಿಸುವ ಸ್ಪರ್ಧೆ ಅಲ್ಲಿ ನಡೆಯುತ್ತಿತ್ತು. ಬೋಯಿಂಗ್ ಸಂಸ್ಥೆಯ ೨೯೯ನೆಯ ಮಾದರಿ ನಾಲ್ಕು ಎಂಜಿನುಗಳ ಬೃಹತ್ ವಿಮಾನ; ಅದೇ ವರ್ಷದ ಆಗಸ್ಟಿನಲ್ಲಿ ಸಿಯಾಟಲ್ಲಿನಿಂದ ಡೇಟನ್ನಿಗೆ ೨೦೦೦ ಮೈಲಿಗಳಿಗೂ ಮೀರಿದ ದೂರವನ್ನು ಎಲ್ಲಿಯೂ ಇಳಿಯದೆ ಹಾರಿ ಬಂದಿತ್ತು. ಸ್ಪರ್ಧೆಯಲ್ಲಿ ಅದೇ ಗೆಲ್ಲುವುದೆಂಬ ನಿರೀಕ್ಷೆ ಬಲವಾಗಿತ್ತು.

ಅಂದು ಚಾಲಕನ ಆಸನದಲ್ಲಿದ್ದವರು ಮೇಜರ್ ಪ್ಲಾಯರ್ ಹಿಲ್. ವಿಮಾನಗಳನ್ನು ಪರೀಕ್ಷಿಸುವುದೇ ಅವರ ವೃತ್ತಿಯಾಗಿತ್ತು. ಬೋಯಿಂಗಿನ ಪ್ರಧಾನ ಪರೀಕ್ಷಾ ಚಾಲಕ ಲೆಸ್ಲಿ ಟವರ್ ಅವರೂ ವಿಮಾನದಲ್ಲಿದ್ದರು. ನೆಲವನ್ನು ಬಿಟ್ಟ ವಿಮಾನವು ಮಿತಿಮೀರಿದ ಕಡಿದಾದ ಕೋನದಲ್ಲಿ ಮೇಲೇರಿ, ವೇಗವನ್ನು ಕಳೆದುಕೊಂಡು, ಕೆಳಕ್ಕುರುಳಿ ಬೆಂಕಿಗೆ ಆಹುತಿಯಾಯಿತು. ಹಿಲ್ ಅವರು ಅಂದೇ ಮಡಿದರು; ಟವರ್ ಅವರು ಗಾಯಗಳಿಂದ ಕೆಲವು ದಿನಗಳ ಮೇಲೆ ತೀರಿಕೊಂಡರು.

ವಿಚಾರಣೆ ನಡೆಸಿದವರಿಗೆ ಎಂಜಿನಿನಲ್ಲಾಗಲಿ ರಚನೆಯಲ್ಲಾಗಲಿ ದೋಷ ಕಾಣಲಿಲ್ಲ. ನೆಲದ ಮೇಲೆ ನಿಂತಿರುವ ವಿಮಾನದ ಚುಕ್ಕಾಣಿ ಮೊದಲಾದ ಹಲಗೆಗಳು ಗಾಳಿಗೆ ಬಡಿದುಕೊಂಡು ಕೆಡದಿರಲೆಂದು ಅವನ್ನು ಬಿಗಿಹಿಡಿದಿಡುವ ಒಂದು ಬೀಗವಿರುತ್ತದೆ. ಅದಕ್ಕೆ ಗಸ್ಟ್ ಲಾಕ್ ಎಂದು ಹೆಸರು. ಆ ಬೀಗವನ್ನು ತೆಗೆಯದೆಯೇ ವಿಮಾನವನ್ನು ಹಾರಿಸಲಾಗಿತ್ತು. ಅಜ್ಞಾನದಿಂದ ಆದ ತಪ್ಪು ಇದಲ್ಲ. ಬೀಗವನ್ನು ತೆಗೆಯಬೇಕೆಂಬುದು ವಿಮಾನದಲ್ಲಿದ್ದವರಿಗೆ ತಿಳಿಯದ ವಿಷಯವಾಗಿರಲಿಲ್ಲ. ತಿಳಿದುದು ತಕ್ಕ ಸಮಯದಲ್ಲಿ ನೆನಪಿಗೆ ಬಾರದೆ ಹೋದುದರಿಂದ ಆದ ತಪ್ಪು ಇದು.

ಬೋಯಿಂಗ್ ಆ ಸ್ಪರ್ಧೆಯನ್ನು ಕಳೆದುಕೊಂಡಿತು. ಡಗ್ಲಸ್ ಸಂಸ್ಥೆಯ ಎರಡು ಎಂಜಿನುಗಳ ವಿಮಾನಕ್ಕೆ ೧೩೩ರ ಬೇಡಿಕೆ ದೊರೆಯಿತು. ಆದರೂ ಸೈನ್ಯವು ಪರೀಕ್ಷಾರ್ಥವಾಗಿ ಬೋಯಿಂಗಿನ ೧೩ ವಿಮಾನಗಳನ್ನು ಬೇಡಿತು. ಇಲ್ಲಿ ಇತಿಹಾಸದ ಅಭ್ಯಾಸಿಗಳು ಗಮನಿಸಬೇಕಾದ ಅಂಶವೊಂದಿದೆ. ದುರಂತದ ನಂತರ ಸೈನ್ಯಕ್ಕೆ ಅತಿ ಸಹಜವಾದ ಮಾರ್ಗವೆಂದರೆ ಚಾಲಕರಿಗೆ ಇನ್ನೂ ಹೆಚ್ಚಿನ ಶಿಕ್ಷಣವನ್ನು ವಿಧಿಸುವುದು. ಆದರೆ ಹಿಲ್ ಅವರಿಗಿಂತ ಹೆಚ್ಚು ಪಳಗಿದವರನ್ನು ಎಲ್ಲಿಂದ ತರುವುದು? ಆದುದರಿಂದ ಚಾಲಕರು ಬೇರೊಂದು ದಾರಿಯನ್ನು ಹಿಡಿದರು. ಹಾರುವುದಕ್ಕೆ ಮುಂಚೆ, ಹಾರುತ್ತಿರುವಾಗ, ಇಳಿಯುವುದಕ್ಕೆ ಮುಂಚೆ, ಇಳಿದ ಮೇಲೆ ಮಾಡಬೇಕಾದ ಕೆಲಸಗಳನ್ನು ಚಿಕ್ಕ ಚಿಕ್ಕ ಪಟ್ಟಿಗಳಾಗಿ ಬರೆದಿಟ್ಟುಕೊಂಡರು. ಇದೇ ವಿಮಾನವು ಬಿ-೧೭ ಎಂಬ ಹೆಸರಿನಿಂದ ಎರಡನೆಯ ಮಹಾಯುದ್ಧದಲ್ಲಿ ಪ್ರಸಿದ್ಧವಾಯಿತು. ಒಟ್ಟು ೧೨,೭೩೧ ವಿಮಾನಗಳು ತಯಾರಾದುವು. ಇವನ್ನು ನಡೆಸಿದವರಲ್ಲಿ ಬಹುಮಂದಿ ಹಿಲ್ ಅವರ ಅನುಭವದ ಅಲ್ಪಾಂಶವೂ ಇಲ್ಲದ ತರುಣರು. ನಿಷ್ಣಾತನ ಮರೆವಿಗೆ ಮದ್ದಾಗಿ ಹುಟ್ಟಿದ ಪಟ್ಟಿಯು ಹೊಸಬನಿಗೆ ಊರುಗೋಲಾಗಿಯೂ ಪರಿಣಮಿಸಿತು.

೩. ಚಲಿಸುವುದಕ್ಕೆ ಮುಂಚಿನ ನಿಮಿಷಗಳು

ಕಾಲಕ್ರಮದಲ್ಲಿ ಈ ಪಟ್ಟಿಗಳು ಸೈನ್ಯದಿಂದ ನಾಗರಿಕ ವಿಮಾನಗಳಿಗೂ ಹರಡಿ, ಪ್ರತಿಯೊಂದು ಘಟ್ಟಕ್ಕೂ ಒಂದರಂತೆ ವಿಂಗಡಣೆಯಾದುವು. ಅವುಗಳಲ್ಲಿ ನಮ್ಮ ವಿಷಯಕ್ಕೆ ಮುಖ್ಯವಾದುದು ಎಂಜಿನು ಪ್ರಾರಂಭವಾದ ಮೇಲೆ ಹಾಗೂ ಟ್ಯಾಕ್ಸಿಗೆ ಮುಂಚೆ ಓದುವ ಪಟ್ಟಿ. ವಿಮಾನ ಕ್ಷೇತ್ರದಲ್ಲಿ ಟ್ಯಾಕ್ಸಿ ಎಂದರೆ ಬಾಡಿಗೆಯ ಕಾರಲ್ಲ. ವಿಮಾನವು ತನ್ನ ಎಂಜಿನುಗಳ ಬಲದಿಂದಲೇ ನೆಲದ ಮೇಲೆ ಉರುಳುತ್ತ ಓಡುದಾರಿಯ ಕಡೆಗೆ ಸಾಗುವುದು.

ಆ ನಿಮಿಷಗಳನ್ನು ಕಣ್ಣಮುಂದೆ ತಂದುಕೊಳ್ಳೋಣ. ಹಿಂದಕ್ಕೆ ನೂಕಿದ ಟ್ರ್ಯಾಕ್ಟರು ವಿಮಾನವನ್ನು ಬಿಟ್ಟು ಸರಿದಿದೆ. ನೂಕುವಾಗ ಮುಂಗಾಲಿಯ ಚಾಲನೆಯನ್ನು ತಡೆಹಿಡಿದಿದ್ದ ಕೀಲನ್ನು ನೆಲದ ಮೇಲಿನ ಕೆಲಸಗಾರನು ಹೊರತೆಗೆದು, ಅದಕ್ಕೆ ಕಟ್ಟಿದ ಕೆಂಪು ಪಟ್ಟಿಯ ಸಮೇತ ಕೈಯೆತ್ತಿ ಚಾಲಕರಿಗೆ ತೋರಿಸುತ್ತಾನೆ. ಒಳಗಡೆ ಜನರೇಟರುಗಳು ವಿದ್ಯುತ್ತನ್ನು ಕೊಡುತ್ತಿವೆಯೆ, ಹಿಮನಿವಾರಣೆಯ ಏರ್ಪಾಡು ಬೇಕೆ ಬೇಡವೆ, ಫ್ಲ್ಯಾಪುಗಳು ನಿಗದಿಯಾದ ಅಂಕಕ್ಕೆ ಬಂದಿವೆಯೆ, ಚುಕ್ಕಾಣಿಯೂ ರೆಕ್ಕೆ ಬಾಲಗಳ ಹಲಗೆಗಳೂ ಎರಡು ಕಡೆಗೂ ತುದಿಯವರೆಗೆ ತಿರುಗುತ್ತವೆಯೆ, ಇವೆಲ್ಲವನ್ನೂ ನೋಡಬೇಕು. ಎಲ್ಲ ವಿಮಾನಗಳಲ್ಲಿಯೂ ಕ್ರಮ ಒಂದೇ ಅಲ್ಲ; ಫ್ಲ್ಯಾಪುಗಳ ಪರಿಶೀಲನೆಯನ್ನು ಕೆಲವರು ಟ್ಯಾಕ್ಸಿಗೆ ಮೊದಲು, ಕೆಲವರು ಟ್ಯಾಕ್ಸಿಯ ನಡುವೆ ಇರಿಸಿದ್ದಾರೆ. ನೆಲದ ಮೇಲಿನ ಮರೆವು ಆಕಾಶದಲ್ಲಿ ಪ್ರಕಟವಾಗುತ್ತದೆಂಬ ತತ್ತ್ವ ಮಾತ್ರ ಎಲ್ಲೆಡೆಯೂ ಒಂದೇ.

ಓದುವ ವಿಧಾನವೂ ಎರಡು ಬಗೆ. ಪಟ್ಟಿಯ ಒಂದೊಂದು ಸಾಲನ್ನು ಓದಿ ಆಗಲೇ ಆ ಕೆಲಸವನ್ನು ಮಾಡುವುದು ಒಂದು ಬಗೆ. ಕೆಲಸಗಳನ್ನೆಲ್ಲ ಅಭ್ಯಾಸಬಲದಿಂದ ಮಾಡಿ ಮುಗಿಸಿ, ಅನಂತರ ಒಬ್ಬನು ಕೇಳಲು ಮತ್ತೊಬ್ಬನು ನೋಡಿ ಉತ್ತರ ಕೊಡುವುದು ಇನ್ನೊಂದು ಬಗೆ. ಸಾರಿಗೆ ವಿಮಾನಗಳ ನಿತ್ಯದ ಕೆಲಸದಲ್ಲಿ ಎರಡನೆಯದೇ ಹೆಚ್ಚು ರೂಢಿಯಲ್ಲಿದೆ. ಶ್ರೌತಯಜ್ಞಗಳಲ್ಲಿ ಬ್ರಹ್ಮನೆಂಬ ಋತ್ವಿಜನು ಸುಮ್ಮನೆ ಕುಳಿತು, ಉಳಿದವರ ಕರ್ಮದಲ್ಲಿ ಲೋಪವಾದರೆ ಅದನ್ನು ಸರಿಪಡಿಸುವ ಹೊಣೆಯನ್ನು ಹೊತ್ತಿರುತ್ತಾನೆಂಬುದು ನಮ್ಮ ಓದುಗರಿಗೆ ತಿಳಿದ ವಿಷಯ. ಎರಡಕ್ಕೂ ಐತಿಹಾಸಿಕ ಸಂಬಂಧವೇನೂ ಇಲ್ಲ. ಆದರೆ ಮಾಡುವವನು ಬೇರೆ, ನೋಡುವವನು ಬೇರೆ ಇರಬೇಕೆಂಬ ವಿವೇಕವು ಎರಡರಲ್ಲಿಯೂ ಸಮಾನವಾಗಿದೆ.

೪. ಡೆಟ್ರಾಯಿಟ್ ಮತ್ತು ಮ್ಯಾಡ್ರಿಡ್

ಪಟ್ಟಿಯಿದ್ದರೆ ಸಾಲದು ಎಂಬುದನ್ನು ತಿಳಿಯಲು ಇನ್ನೂ ಅರ್ಧ ಶತಮಾನ ಬೇಕಾಯಿತು. ೧೯೮೭ರ ಆಗಸ್ಟ್ ೧೬ರಂದು ನಾರ್ತ್‌ವೆಸ್ಟ್ ಸಂಸ್ಥೆಯ ೨೫೫ನೆಯ ವಿಮಾನವು ಡೆಟ್ರಾಯಿಟಿನಿಂದ ಹೊರಟೊಡನೆಯೇ ಬಿದ್ದಿತು. ವಿಮಾನದಲ್ಲಿದ್ದ ೧೫೪ ಮಂದಿಯೂ ನೆಲದ ಮೇಲಿದ್ದ ಇಬ್ಬರೂ ಮಡಿದರು; ನಾಲ್ಕು ವರ್ಷದ ಒಬ್ಬ ಬಾಲಕಿ ಮಾತ್ರ ಉಳಿದಳು. ಕಡಿಮೆ ವೇಗದಲ್ಲಿ ರೆಕ್ಕೆಗೆ ಹೆಚ್ಚಿನ ಬಲವನ್ನು ಕೊಡುವ ಫ್ಲ್ಯಾಪುಗಳು ಚಾಚಿರಲೇ ಇಲ್ಲ. ಟ್ಯಾಕ್ಸಿ ಆರಂಭವಾಗುತ್ತಿದ್ದಾಗ ಓಡುದಾರಿ ಬದಲಾಯಿತೆಂಬ ಸೂಚನೆ ಬಂದು, ಚಾಲಕರ ಗಮನ ಹೊಸ ಲೆಕ್ಕಗಳ ಕಡೆಗೆ ಹರಿಯಿತು. ಟ್ಯಾಕ್ಸಿಯ ಪಟ್ಟಿಯನ್ನು ಅವರು ಓದಲೇ ಇಲ್ಲವೆಂದು ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯು ನಿರ್ಣಯಿಸಿತು. ತಪ್ಪನ್ನು ಕೂಗಿ ಹೇಳಬೇಕಾಗಿದ್ದ ಎಚ್ಚರಿಕೆಯ ಯಂತ್ರಕ್ಕೂ ವಿದ್ಯುತ್ತು ಹರಿದಿರಲಿಲ್ಲ.

ಈ ದುರಂತದ ತರುವಾಯ ಅಸಾಫ್ ದೆಗಾನಿ ಮತ್ತು ಅರ್ಲ್ ವೀನರ್ ಎಂಬ ವಿದ್ವಾಂಸರು ನಾಸಾ ಸಂಸ್ಥೆಗಾಗಿ ನಡೆಸಿದ ಸಂಶೋಧನೆ ೧೯೯೦ರಲ್ಲಿ ಪ್ರಕಟವಾಯಿತು. ಪಟ್ಟಿಯನ್ನು ಒಂದು ಕಾಗದವೆಂದು ನೋಡದೆ, ಒಂದು ಸಾಮಾಜಿಕ ಕ್ರಿಯೆಯೆಂದು ನೋಡಿದುದು ಇದರ ಹೆಚ್ಚಳ. ಪ್ರಶ್ನೆಗೆ ‘ಆಯಿತು’ ಎಂದಷ್ಟೇ ಉತ್ತರಿಸದೆ, ಕಣ್ಣಿಗೆ ಕಂಡ ಅಂಕಿಯನ್ನೇ ಹೇಳಬೇಕೆಂಬುದು ಅವರ ಸಲಹೆಗಳಲ್ಲಿ ಒಂದು. ಸಣ್ಣದೆಂದು ತೋರುವ ಈ ಸಲಹೆಯ ಹಿಂದೆ ದೊಡ್ಡ ತಿಳಿವಳಿಕೆ ಇದೆ. ನೂರಾರು ಬಾರಿ ಉಚ್ಚರಿಸಿದ ಉತ್ತರವು ಕಣ್ಣಿನ ನೆರವಿಲ್ಲದೆ ನಾಲಗೆಯಿಂದ ತಾನಾಗಿ ಹೊರಡುತ್ತದೆ.

೨೦೦೮ರ ಆಗಸ್ಟ್ ೨೦ರಂದು ಮ್ಯಾಡ್ರಿಡ್ಡಿನ ಬರಾಹಾಸ್ ನಿಲ್ದಾಣದಲ್ಲಿ ಸ್ಪ್ಯಾನೇರ್ ಸಂಸ್ಥೆಯ ವಿಮಾನಕ್ಕೆ ಆದುದು ಇದೇ. ಅದು ಒಮ್ಮೆ ಹೊರಟು, ಉಷ್ಣತಾಮಾಪಕವೊಂದರ ದೋಷದಿಂದ ಹಿಂದಿರುಗಿ, ತಡವಾಗಿ ಮತ್ತೆ ಹೊರಟಿತ್ತು. ಎಂಜಿನು ಪ್ರಾರಂಭದ ನಂತರದ ಪಟ್ಟಿಯನ್ನು ಓದುತ್ತಿದ್ದಾಗ, ಫ್ಲ್ಯಾಪುಗಳ ಸಾಲನ್ನು ತಲಪುವ ಮೊದಲೇ, ಟ್ಯಾಕ್ಸಿಗೆ ಅನುಮತಿ ಕೇಳೆಂದು ಮುಖ್ಯ ಚಾಲಕನು ಸಹಚಾಲಕನಿಗೆ ಹೇಳಿದನು. ಪಟ್ಟಿ ಅಲ್ಲಿಗೇ ತುಂಡಾಯಿತು. ಮುಂದೆ ಇದೇ ಲೋಪವನ್ನು ಹಿಡಿಯಬಹುದಾಗಿದ್ದ ಕೊನೆಯ ಪರಿಶೀಲನೆಯಲ್ಲಿ ಇರಬೇಕಾದ ಅಂಕಿಗಳು ಬಾಯಿಂದ ಬಂದುವು. ಇದ್ದ ಸ್ಥಿತಿಯನ್ನು ಯಾರೂ ನೋಡಲಿಲ್ಲ. ಎಚ್ಚರಿಕೆಯ ಯಂತ್ರವೂ ಮೌನವಾಗಿತ್ತು. ೧೫೪ ಮಂದಿ ಮಡಿದರು, ೧೮ ಮಂದಿ ಉಳಿದರು. ಡೆಟ್ರಾಯಿಟಿನ ಪಾಠವು ಮುದ್ರಣವಾಗಿ ಆಗಲೇ ಎರಡು ದಶಕಗಳು ಸಂದಿದ್ದುವು.

ಪಟ್ಟಿಗೆ ಜೀವ ಬರುವುದು ಕಿರಿಯನ ಮಾತಿಗೆ ಹಿರಿಯನು ಬೆಲೆ ಕೊಟ್ಟಾಗ ಎಂಬುದನ್ನೂ ಇಲ್ಲಿ ಹೇಳಬೇಕು. ೨೦೧೦ರ ಮೇ ೨೨ರಂದು ಮಂಗಳೂರಿನಲ್ಲಿ ೧೫೮ ಮಂದಿಯನ್ನು ಬಲಿ ತೆಗೆದುಕೊಂಡ ಅಪಘಾತವು ಇಳಿಯುವ ಕಾಲದಲ್ಲಿ ಆದುದರಿಂದ ನಮ್ಮ ವಿಷಯಕ್ಕೆ ನೇರವಾಗಿ ಸೇರದು. ಆದರೆ ಇಳಿಯದೆ ಮತ್ತೆ ಮೇಲೇರೋಣವೆಂದು ಸಹಚಾಲಕನು ಮೂರು ಬಾರಿ ಹೇಳಿದರೂ ಮುಖ್ಯ ಚಾಲಕನು ಕೇಳಲಿಲ್ಲವೆಂಬ ವಿಚಾರಣೆಯ ನಿರ್ಣಯವನ್ನು ನಾವು ಮರೆಯುವಂತಿಲ್ಲ.

೫. ಬೀಗ ಮತ್ತೊಮ್ಮೆ

ಇತಿಹಾಸವು ಮರುಕಳಿಸುವುದೆಂಬ ಮಾತನ್ನು ಇತಿಹಾಸದ ಅಧ್ಯಾಪಕರು ಸಂಶಯದಿಂದಲೇ ಕಾಣುತ್ತಾರೆ. ಆದರೂ ೨೦೧೪ರ ಮೇ ೩೧ರಂದು ಅಮೆರಿಕದ ಬೆಡ್‌ಫರ್ಡಿನಲ್ಲಿ ನಡೆದುದನ್ನು ಓದಿದಾಗ ರೈಟ್ ಫೀಲ್ಡಿನ ನೆನಪು ಬಾರದೆ ಇರದು. ಗಲ್ಫ್‌ಸ್ಟ್ರೀಮ್ ಎಂಬ ಖಾಸಗಿ ವಿಮಾನವೊಂದು ಗಸ್ಟ್ ಲಾಕ್ ಬಿಗಿದಿರುವಂತೆಯೇ ಓಡುದಾರಿಯಲ್ಲಿ ಓಡಿ, ಮೇಲೇಳಲಾರದೆ, ದಾರಿಯ ತುದಿಯಾಚೆಯ ಹಳ್ಳಕ್ಕೆ ಬಿದ್ದು ಉರಿಯಿತು. ಏಳು ಮಂದಿ ತೀರಿಕೊಂಡರು. ಇಬ್ಬರು ಚಾಲಕರಿಗೂ ತಲಾ ಹತ್ತು ಸಾವಿರ ಗಂಟೆಗಳಿಗೂ ಮೀರಿದ ಅನುಭವವಿತ್ತು. ಬೀಗ ಹಾಕಿರುವಾಗ ಎಂಜಿನಿನ ಬಲ ಹೆಚ್ಚದಂತೆ ತಡೆಯಬೇಕಾಗಿದ್ದ ಯಂತ್ರರಚನೆಯು ಉದ್ದೇಶಿಸಿದಷ್ಟು ತಡೆಯಲಿಲ್ಲವೆಂಬುದೂ ಬಯಲಾಯಿತು. ಎಂಜಿನು ಪ್ರಾರಂಭವಾದ ಮೇಲೆ ಚಾಲನಾ ಹಲಗೆಗಳನ್ನು ತುದಿಯವರೆಗೆ ತಿರುಗಿಸಿ ನೋಡಬೇಕೆಂಬ ಸಾಲು ಅವರ ಪಟ್ಟಿಯಲ್ಲಿತ್ತು. ವಿಮಾನದ ದಾಖಲೆಯಂತ್ರವನ್ನು ಪರಿಶೀಲಿಸಿದಾಗ ಇನ್ನೂ ಆತಂಕಕಾರಿಯಾದ ಸಂಗತಿ ತಿಳಿಯಿತು. ಹಿಂದಿನ ೧೭೫ ಹಾರಾಟಗಳಲ್ಲಿ ಶೇಕಡ ೯೮ರಲ್ಲಿ ಈ ಪರೀಕ್ಷೆಯನ್ನು ಪೂರ್ಣವಾಗಿ ಮಾಡಿರಲಿಲ್ಲ.

ಅಂದರೆ ಅಂದು ಆದುದು ಮರೆವಲ್ಲ, ರೂಢಿ. ಹಿಲ್ ಅವರ ಕಾಲದಲ್ಲಿ ಪಟ್ಟಿಯಿರಲಿಲ್ಲ. ಇವರ ಕಾಲದಲ್ಲಿ ಪಟ್ಟಿಯಿದ್ದು ಓದುವ ರೂಢಿ ತಪ್ಪಿತ್ತು. ಪ್ರತಿಸಾರಿಯೂ ಓದದೆ ಹಾರಿ ಕ್ಷೇಮವಾಗಿ ಇಳಿದಾಗ, ಓದದಿರುವುದೇ ಸರಿಯೆಂಬ ಭ್ರಮೆ ಬಲಿಯುತ್ತದೆ. ಅನುಭವವು ಗುರುವೆಂಬುದು ನಿಜ. ಅದು ತಪ್ಪು ಪಾಠವನ್ನೂ ಅಷ್ಟೇ ಚೆನ್ನಾಗಿ ಕಲಿಸಬಲ್ಲುದೆಂಬುದೂ ನಿಜ.

ಹೀಗಿದ್ದರೂ ದುರಂತವಾದಾಗ ಸಮಾಜವು ಮೊದಲು ಕೈಹಾಕುವುದು ಪರವಾನಗಿಗೇ. ೨೦೦೯ರ ಫೆಬ್ರವರಿ ೧೨ರಂದು ಅಮೆರಿಕದ ಬಫಲೋ ಬಳಿ ಕೋಲ್ಗನ್ ಸಂಸ್ಥೆಯ ವಿಮಾನ ಬಿದ್ದು ೫೦ ಮಂದಿ ಮಡಿದ ನಂತರ, ೨೦೧೦ರ ಶಾಸನವೊಂದರ ಮೂಲಕ, ಅಲ್ಲಿಯ ಸಹಚಾಲಕರಿಗೂ ಸಾಮಾನ್ಯವಾಗಿ ೧೫೦೦ ಗಂಟೆಗಳ ಅನುಭವ ಬೇಕೆಂದು ವಿಧಿಸಲಾಯಿತು. ೨೦೧೩ರಲ್ಲಿ ಅದು ಆಚರಣೆಗೆ ಬಂದಿತು. ಆದರೆ ಆ ವಿಮಾನದ ಇಬ್ಬರು ಚಾಲಕರೂ ೧೫೦೦ ಗಂಟೆಗಳನ್ನು ಅದಾಗಲೇ ದಾಟಿದ್ದರು. ಈ ವಿಧಿ ನಿಷ್ಪ್ರಯೋಜಕವೆಂದು ನಾವು ಹೇಳುವುದಿಲ್ಲ. ಆದರೆ ಗಂಟೆಗಳನ್ನು ಎಣಿಸುವುದು ಸುಲಭ, ರೂಢಿಗಳನ್ನು ಎಣಿಸುವುದು ಕಷ್ಟ. ಆದುದರಿಂದ ಶಾಸನಗಳು ಸುಲಭವಾದುದನ್ನು ಎಣಿಸುತ್ತವೆ.

೬. ಉಪಸಂಹಾರ

ಮೇಲಿನ ವಿವೇಚನೆಯಿಂದ ತಿಳಿದುಬರುವುದೇನೆಂದರೆ, ಪರವಾನಗಿ ಮತ್ತು ಪಟ್ಟಿ ಒಂದಕ್ಕೊಂದು ಬದಲಿಯಾಗಲಾರವು. ಪರವಾನಗಿಯಿಲ್ಲದವನ ಕೈಯಲ್ಲಿ ಪಟ್ಟಿಯು ಅರ್ಥವಿಲ್ಲದ ಅಕ್ಷರಗಳ ಸಾಲು. ಪಟ್ಟಿಯನ್ನು ಬಿಟ್ಟವನ ಬಳಿ ಪರವಾನಗಿಯು ಹಳೆಯ ಕೀರ್ತಿಯ ದಾಖಲೆ. ಮೊದಲನೆಯದನ್ನು ರಾಜ್ಯವು ಕೊಡಬಲ್ಲುದು. ಎರಡನೆಯದನ್ನು ಪಾಲಿಸುವ ವಿನಯವನ್ನು ಯಾವ ರಾಜ್ಯವೂ ಕೊಡಲಾರದು; ಅದನ್ನು ಪ್ರತಿಸಾರಿಯೂ ಹೊಸದಾಗಿ ಸಂಪಾದಿಸಬೇಕು.

ಪದವಿಪತ್ರಗಳನ್ನು ಕೊಡುವ ಸಂಸ್ಥೆಗಳಲ್ಲಿ ಕೆಲಸ ಮಾಡುವ ನಮಗೆ ಈ ಇತಿಹಾಸವು ಅನ್ಯವಲ್ಲ. ನಾವು ಸಹಿ ಮಾಡಿ ಕೊಡುವ ಪತ್ರಗಳೂ ಕಲಿತುದಕ್ಕೆ ಸಾಕ್ಷಿಯೇ ಹೊರತು, ಕಲಿತವನು ಮುಂದೆ ನೋಡಿ ನಡೆಯುವನೆಂಬುದಕ್ಕೆ ಸಾಕ್ಷಿಯಲ್ಲ. ಒಂದು ಯುಗದ ವಿವೇಕವನ್ನು ಅದರ ಮಹಾಗ್ರಂಥಗಳಲ್ಲಿ ಹುಡುಕುವುದು ವಾಡಿಕೆ. ಇಪ್ಪತ್ತನೆಯ ಶತಮಾನದ ವಿವೇಕದ ಒಂದಂಶವು ಚಾಲಕನ ಮುಂದಿರುವ ಅಂಗೈಯಗಲದ ಪಟ್ಟಿಯಲ್ಲಿ ಅಡಗಿದೆಯೆಂದು ನಮ್ಮ ವಿದ್ಯಾರ್ಥಿಗಳಿಗೆ ತಿಳಿಸಿದರೆ, ಅಂತಹ ಕಾಗದಗಳ ಇತಿಹಾಸವನ್ನು ಬರೆಯಲು ಅವರಲ್ಲಿ ಕೆಲವರಾದರೂ ಮುಂದೆ ಬಂದಾರು.